ಮರ ಹತ್ತುವ ಭೋಜಣ್ಣ, ಬಾಗಿಲು ಕಾಯುವ ಭೋಜಣ್ಣ

ಬಿಜೂರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬಾವಿಕಟ್ಟೆಯ ಬಳಿ ಭೋಜಣ್ಣ ಕೈ ತೊಳೆಯುತ್ತಿದ್ದಾರೆ. ನಾವು ನೀವು ಊಟಕ್ಕೆ ಮೊದಲು ತೊಳೆದ ಹಾಗಲ್ಲ. ಉಗುರಿನ ಸಂದಿ, ಬೆರಳಿನ ಸಂದಿ, ಮಣಿಕಟ್ಟು, ಅಲ್ಲಿಂದ ಮೊಣಕೈವರೆಗೆ ಸಾಬೂನು, ಬ್ರಶ್ಶು, ನೀರು, ಮತ್ತೆ ಸಾಬೂನು. ಇಪ್ಪತ್ತು ವರ್ಷ ತೆಂಗಿನ ಮರ ತಬ್ಬಿದ ಅಂಗೈ ಅದು. ಅಲ್ಲಲ್ಲಿ ಒಡೆದಿದೆ. ಎಳೆಗಾಯಿಯ ಕಲೆ ಗೆರೆಗೆರೆಯಲ್ಲೂ ಇಳಿದಿದೆ. ಆ ಕಲೆ ಸಾಯುವತನಕ ಹೋಗುವುದಿಲ್ಲ. ಹೋಗಬೇಕಾದದ್ದು ಕಣ್ಣಿಗೆ ಕಾಣದ ಕೊಳೆ.

ಒಳಗೆ ಸುಣ್ಣ ಬಳಿದ ಚಿಕ್ಕ ಕೋಣೆ. ಮಂಚದ ಮೇಲೆ ಅವರ ತಂಗಿಯ ಮಗಳು, ಆರು ವರ್ಷದ ಅನಿಷಾ. ಎರಡು ಕಿಡ್ನಿಯೂ ಕೆಲಸ ನಿಲ್ಲಿಸಿವೆ. ಹೊಟ್ಟೆಗೊಂದು ಸಣ್ಣ ನಳಿಕೆ ಕೂರಿಸಿದ್ದಾರೆ. ಗೋಡೆಯ ಮೊಳೆಗೆ ತೂಗುಹಾಕಿದ ಚೀಲದಿಂದ ಔಷಧಿ ನೀರು ಅದರಲ್ಲಿ ಹೊಟ್ಟೆಗೆ ಇಳಿಯಬೇಕು, ಮೈಯ ವಿಷ ಹೀರಿಕೊಂಡು ಕೆಲವು ಗಂಟೆಗಳ ಮೇಲೆ ಹೊರಗೆ ಬರಬೇಕು. ದಿನಕ್ಕೆ ನಾಲ್ಕು ಸಲ ಚೀಲ ಬದಲಿಸುವ ಈ ಕೆಲಸದಲ್ಲಿ ಮೂರು ಸಲ ಭೋಜಣ್ಣನದು.

ಮಾಸ್ಕ್ ಹಾಕಿಕೊಂಡು, ಹೊರಬಂದ ನೀರಿನ ಚೀಲವನ್ನು ಅವರು ಬಲ್ಬಿಗೆ ಹಿಡಿಯುತ್ತಾರೆ. ಮಗು ಕಣ್ಣು ಬಿಟ್ಟಿದ್ದಾಳೆ.

"ಮಾವ, ಮೋಡ ಇತ್ತಾ?"

"ಇಲ್ಲೆ ಮಗಾ. ಬಾವಿ ನೀರಿನ ಹಾಂಗೆ ಇತ್ತ್."

ಚೀಲದಲ್ಲಿ ಮೋಡ ಕಂಡರೆ ಹೊಟ್ಟೆಯೊಳಗೆ ನಂಜು ಸೇರಿದೆ ಎಂದರ್ಥ. ಬರುವ ವಾರ ಅನಿಷಾಳಿಗೆ ಆಪರೇಷನ್ನು. ಅಮ್ಮ ಪದ್ದಕ್ಕನ ಒಂದು ಕಿಡ್ನಿ ಮಗಳ ಹೊಟ್ಟೆಗೆ ಬರುತ್ತದೆ. ಅಲ್ಲಿಯವರೆಗೆ ಒಂದೇ ಒಂದು ಚೀಲ ಮೋಡವಾದರೂ ಆ ದಿನ ಕೈತಪ್ಪಿತು. ಮತ್ತೆ ಯಾವಾಗ ಎಂದು ದೊಡ್ಡ ಆಸ್ಪತ್ರೆಯ ಡಾಕ್ಟರರೂ ಹೇಳಲಾರರು.

ಬೆಳಕು ಮೂಡುವಷ್ಟರಲ್ಲಿ ಭೋಜಣ್ಣ ತೋಟದಲ್ಲಿದ್ದಾರೆ. ಕಾಲಿಗೆ ಹಗ್ಗದ ತಳೆ, ಸೊಂಟದ ಹಿಂದೆ ಕತ್ತಿ. ಸರಸರ ಏರುತ್ತಾರೆ. ದಿನಕ್ಕೆ ಮೂವತ್ತು ಮರ. ಮಧ್ಯಾಹ್ನದ ಚೀಲಕ್ಕೆ ಒಮ್ಮೆ ಇಳಿದು ಮನೆಗೆ ಓಟ, ಮತ್ತೆ ಕೈ ತೊಳೆಯುವ ಅದೇ ಕಸರತ್ತು. ಮಳೆ ಬಂದು ಮರ ಜಾರುವ ದಿನ ಅವರು ನಿಧಾನವಾಗುತ್ತಾರೆ. ಹೆದರಿಕೆಯಾ ಎಂದು ಕೇಳಿದರೆ ನಗುತ್ತಾರೆ.

"ಮುಂಚೆ ಹೆದ್ರಿಕಿ ಇರ್ಲಿಲ್ಲೆ. ಒಬ್ಬ್ನೇ ಜನ, ಬಿದ್ರೆ ಬಿದ್ದೆ. ಈಗ ಬೀಳುಕೂ ಪುರ್ಸೊತ್ತಿಲ್ಲೆ ಕಾಣಿ."

ಮದುವೆ? "ಹೆಣ್ಣಿನ್ ಕಡಿಯವ್ರ್ ಬಂದಿದ್ರ್. ನಾನ್ ಮರದ ಮೇಲಿದ್ದೆ. ಇಳುದ್ರೊಳ್ಗ್ ವಾಪಾಸ್ ಹೋಯಿದ್ರ್."

ಅನಿಷಾಳ ಅಪ್ಪ ಮುಂಬೈಯ ಹೋಟೆಲೊಂದರ ಅಡುಗೆಮನೆಯಲ್ಲಿದ್ದಾರೆ. ಸಕ್ಕರೆ ಕಾಯಿಲೆ ಇರುವುದರಿಂದ ಅವರ ಕಿಡ್ನಿ ಆಗುವುದಿಲ್ಲ ಎಂದರು ಡಾಕ್ಟರರು. ಪದ್ದಕ್ಕ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾರೆ. ಮಗಳ ಚಿಕಿತ್ಸೆ ನಿಂತಿರುವುದು ಆ ಕೆಲಸದ ವಿಮೆಯ ಮೇಲೆ, ವಿಮೆ ನಿಂತಿರುವುದು ಹಾಜರಿಯ ಮೇಲೆ. ಕಾಯಿಲೆ ಬಿದ್ದ ಮಗುವಿನ ಹತ್ತಿರ ಕೂರಬೇಕಾದ ತಾಯಿ, ಮಗು ಬದುಕಲಿ ಎಂದೇ ಮಗುವನ್ನು ಬಿಟ್ಟು ಹೋಗಬೇಕು. ಈ ನಿಯಮವನ್ನು ಯೋಚಿಸಿ ಬರೆದ ಪುಣ್ಯಾತ್ಮ ಯಾರೋ! ಹಾಗಾಗಿ ಸೋದರಮಾವ ನರ್ಸ್ ಆದರು. ಆಸ್ಪತ್ರೆಯಲ್ಲಿ ಕಲಿಸುವಾಗ ಸಿಸ್ಟರ್ ಅವರ ಕೈ ನೋಡಿ ಬೇಡವೇ ಬೇಡ ಅಂದಿದ್ದರಂತೆ. ಹತ್ತು ದಿನ ಹೋಗಿ, ಎದುರಿಗೆ ಕೂತು, ತೊಳೆದು ತೊಳೆದು ತೋರಿಸಿದ ಮೇಲೆ ಒಪ್ಪಿದರು.

ಆದರೆ ಭೋಜಣ್ಣನಿಗೆ ಕಷ್ಟವಾದದ್ದು ಚೀಲ ಬದಲಿಸುವುದಲ್ಲ. ಬಾಗಿಲು ಕಾಯುವುದು.

ಈ ಕಡೆ ಎಳನೀರಿಗೆ ಬೊಂಡ ಎನ್ನುತ್ತಾರೆ. ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗುವ ಕ್ರಮವಿಲ್ಲ. ಬೊಂಡ ಹಿಡಿದು ಹೋಗಬೇಕು. ಕಳೆದ ವರ್ಷ ಅನಿಷಾ ಮೊದಲ ಸಲ ಆಸ್ಪತ್ರೆಯಿಂದ ಬಂದಾಗ, ಹೊಟ್ಟೆಗೆ ನಳಿಕೆ ಹಾಕುವುದಕ್ಕೂ ಮೊದಲು, ಊರಿಗೆ ಊರೇ ಬೊಂಡ ತಂದಿತು. ಬಾಯಾರಿದ ಮಗು ಗಟಗಟ ಕುಡಿಯಿತು. ಬೊಂಡದಲ್ಲಿರುವ ಒಂದು ಉಪ್ಪನ್ನು ಕೆಟ್ಟ ಕಿಡ್ನಿ ಹೊರಗೆ ಹಾಕಲಾರದು, ಅದು ರಕ್ತದಲ್ಲಿ ಏರಿದರೆ ಎದೆಬಡಿತವೇ ನಿಲ್ಲಬಹುದು ಎಂದು ಇವರಿಗೆ ತಿಳಿದದ್ದು, ಮೂರನೇ ದಿನ ಮಗುವಿನ ಕೈಕಾಲು ಸೋತು ಕುಂದಾಪುರಕ್ಕೆ ಎತ್ತಿಕೊಂಡು ಓಡಿದ ಮೇಲೆ. ಊಟದ ಪಥ್ಯದ ಚೀಟಿಯಲ್ಲಿ ಹೇಳಿದ್ದರಂತೆ. ಇಂಗ್ಲಿಷಿನಲ್ಲಿ.

"ಎಲ್ಲರೂ ಪ್ರೀತಿಯಗೇ ತಂದದ್. ಕೆತ್ತಿ ಕೊಟ್ಟದ್ ನಾನೇ," ಎನ್ನುತ್ತಾರೆ ಭೋಜಣ್ಣ. "ಯಾರಿಗ್ ಬೈಯ್ಕ್ ಹೇಳಿ?"

ಈಗ ಆಪರೇಷನ್ ಹತ್ತಿರ ಬಂದ ಸುದ್ದಿ ಹಬ್ಬಿದೆ. ಮಗುವಿನ ಫೋಟೊ ವಾಟ್ಸಾಪಿನಲ್ಲಿ ತಿರುಗುತ್ತಿದೆ. ಕೆಳಗೆ ಸಾಲುಸಾಲು ಕೈಮುಗಿದ ಚಿತ್ರ. ಬೆರಳ ತುದಿಯಲ್ಲಿ ಕೈಮುಗಿದು ಮಲಗಿದವರ ಮೇಲೆ ಭೋಜಣ್ಣನಿಗೆ ಸಿಟ್ಟಿಲ್ಲ. ಅವರಿಂದ ಮಗುವಿಗೆ ನಂಜಾದರೂ ತಾಗುವುದಿಲ್ಲವಲ್ಲ! ಕಷ್ಟ ಇರುವುದು ನಿಜವಾದ ಪ್ರೀತಿಯಿಂದ ಮನೆತನಕ ಬರುವವರಿಂದ.

ಕಳೆದ ಭಾನುವಾರ ಸಂಜೆ ಉಪ್ಪುಂದದಿಂದ ಕಮಲಾಕ್ಷ ಉಡುಪರು ಬಂದರು. ಭೋಜಣ್ಣ ಮರ ಹತ್ತುವ ತೋಟಗಳಲ್ಲಿ ದೊಡ್ಡದು ಅವರದೇ. ಕಾರಿನ ಡಿಕ್ಕಿ ತೆರೆದರೆ ಇಡೀ ಗೊನೆ ಬೊಂಡ.

"ಹ್ವಾಯ್ ಭೋಜ, ಬೆಳಿಗ್ಗೆ ನೀನೇ ಕೊಯ್ದದ್. ನಿನ್ನ ಸೊಸಿಗೇ ಅಂತ ಹೇಳಿದ್ರೆ ಕೂಲಿ ತಕಂತಿರ್ಲಿಲ್ಲೆ, ಅದ್ಕೇ ಹೇಳ್ಲಿಲ್ಲೆ."

"ಉಡುಪ್ರೆ, ಅದ್ ಕಾರಗೇ ಇರ್ಲಿ. ಹೆಣ್ಣಿಗ್ ಬೊಂಡ ಆಪ್ದಿಲ್ಲೆ."

"ಬರಿಗೈಯಗೆ ಒಳಗ್ ಹೋಪ್ದ್ ಹ್ಯಾಂಗ್ ಮಾರಾಯಾ?"

"ಬರಿಗೈಯಗೇ ಹೋಯ್ಕ್. ಅದೂ ತೊಳ್ಕಂಡ್. ಅಲ್ಲಿ ಸಾಬೂನ್ ಇತ್ತ್."

"ಮಿಂದ್ ಮಡಿ ಉಟ್ಕಂಡ್ ಬಂದಿದ್ದೆ ನಾನ್! ನಂಗೇ ಕೈ ತೊಳೂಕ್ ಹೇಳ್ತ್ಯಾ?"

"ನಿಮ್ ಮಡಿ ದೇವ್ರಿಗ್ ಸಾಕ್ ಉಡುಪ್ರೆ. ಈ ಹೆಣ್ಣಿಗ್ ಸಾಬೂನೇ ಬೇಕ್."

ಭೋಜಣ್ಣ ಅಬ್ಬಿ ಎಂದು ಕರೆಯುವ ಅವರ ತಾಯಿ ಗುಲಾಬಿಯಮ್ಮ ಬಾಗಿಲ ಮರೆಯಿಂದಲೇ ಗದರಿದರು: "ಹೊಟ್ಟಿಗ್ ಹಾಕು ಮನಿಯವ್ರಿಗ್ ಹಾಂಗ್ ಹೇಳುದಾ ನೀನ್?" ಭೋಜಣ್ಣನ ಅಪ್ಪ ಮರ ಹತ್ತುತ್ತಿದ್ದ ಕಾಲದಲ್ಲಿ ಇಂಥ ಮನೆಗಳ ಬಾವಿಕಟ್ಟೆಯನ್ನು ಮುಟ್ಟಲು ಅವರಿಗೆ ಅಪ್ಪಣೆ ಇರಲಿಲ್ಲ. ಬೊಗಸೆಗೆ ದೂರದಿಂದ ನೀರು ಹೊಯ್ಯುತ್ತಿದ್ದರು. ಅದೂ ಮಡಿಯ ಹೆಸರಿನಲ್ಲೇ. ಭೋಜಣ್ಣ ಆ ಮಾತು ಎತ್ತಲಿಲ್ಲ. ದೊಡ್ಡ ತೋಟದ ಕೆಲಸ ನಾಳೆಯಿಂದ ಇಲ್ಲವೆಂದರೆ ಇಲ್ಲ ಎಂದು ಗೊತ್ತಿದ್ದೂ ಬಾಗಿಲಿಂದ ಕದಲಲಿಲ್ಲ.

ಉಡುಪರು ವಾಚು ಬಿಚ್ಚಿ ಬಾವಿಕಟ್ಟೆಗೆ ನಡೆದರು. ಭೋಜಣ್ಣ ನೀರು ಹೊಯ್ದರು.

"ಉಗುರಿನ್ ಸಂದಿ ಬಿಟ್ರಿ."

"ನನ್ನ ಉಪನಯನದಗೂ ಇಷ್ಟ್ ತಿಕ್ಸಿರ್ಲಿಲ್ಲೆ ಕಾಣ್!"

ಮಾಸ್ಕ್ ಹಾಕಿ ಒಳಗೆ ಹೋದ ಉಡುಪರು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು, ಎಮ್ಮೆಗೆ ಹೆದರಿ ಮರ ಹತ್ತಿದ ತಮ್ಮ ಬಾಲ್ಯದ ಕಥೆ ಹೇಳಿದರು. ಅನಿಷಾ ನಕ್ಕಳು. ಬೊಂಡದ ಗೊನೆ ಕಾರಿನಲ್ಲೇ ವಾಪಸು ಹೋಯಿತು. ಮರುದಿನ ಭೋಜಣ್ಣ ಎಂದಿನಂತೆ ಅದೇ ತೋಟದಲ್ಲಿ ಮರ ಹತ್ತಿದರು.

ಇಂದಿನವರೆಗೂ ಚೀಲಗಳು ತಿಳಿಯಾಗಿವೆ. ಬುಧವಾರ ತಾಯಿ ಮಗಳು ಇಬ್ಬರೂ ಆಸ್ಪತ್ರೆಗೆ ಸೇರಬೇಕು. ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದರೆ ಅದರ ಆಚೆ ಏನಾಗುತ್ತದೋ ಭೋಜಣ್ಣನ ಕೈಯಲ್ಲಿಲ್ಲ. ಕಿಡ್ನಿ ಹಿಡಿಯಬಹುದು, ಹಿಡಿಯದೆಯೂ ಇರಬಹುದು. ಅದನ್ನೂ ಅವರಿಗೆ ಹೇಳಿದ್ದಾರೆ. ಈ ಸಲ ಕನ್ನಡದಲ್ಲೇ.

ನಿಮಗೇನು ಆಸೆ ಎಂದರೆ ಭೋಜಣ್ಣ ಕೋಣೆಯ ಕಡೆ ಒಮ್ಮೆ ನೋಡಿ, ಮಗುವಿಗೆ ಕೇಳಿಸದ ಹಾಗೆ ದನಿ ಇಳಿಸುತ್ತಾರೆ.

"ಒಂದ್ ವರ್ಷದ ಮೇಲಾಯ್ತ್, ಆ ಹೆಣ್ಣ್ ಒಂದ್ ತೊಟ್ಟ್ ಉಚ್ಚಿ ಹೊಯ್ಲಿಲ್ಲೆ. ಆಪರೇಷನ್ ಆಯಿ ಮನಿಗ್ ಬಂದ್ ಮೇಲೆ, ಒಂದಿನ ಹಾಸ್ಗಿ ಪೂರಾ ಒದ್ದಿ ಮಾಡ್ಕ್ ಅದ್. ಅಬ್ಬಿ ಬೈಯ್ಲಿ, ಪದ್ದು ಬೈಯ್ಲಿ. ಆ ಹಾಸ್ಗಿ ಹೊತ್ಕ ಬಂದ್ ಅಂಗಳದಗೆ ಬಿಸ್ಲಿಗ್ ಹಾಕು ಜನ ನಾನೇ. ಊರವ್ರೆಲ್ಲ ಕಾಣ್ಲಿ."