ಹಾಳೆಯ ಮೇಲೊಂದು ಜವಳ

ಗರುಡಾಚಾರ್‌ಪಾಳ್ಯದ ಡಬ್ಬಿ ಕಾರ್ಖಾನೆಯಲ್ಲಿ ಅಚ್ಚಾಗಿ ಬಂದ ಹಾಳೆಗಳನ್ನು ಪರೀಕ್ಷಿಸುವುದು ನಾಗರತ್ನಾಳ ಕೆಲಸ. ಬಣ್ಣ ಜರುಗಿದ ಹಾಳೆ ಸಿಕ್ಕರೆ ಅದರ ಪ್ರತಿ ಚಿತ್ರದ ಮೇಲೂ ಕೆಂಪು ಮಾರ್ಕರಿನಿಂದ ಗೀಟೆಳೆಯಬೇಕು. ಗೀಟಿಲ್ಲದ್ದು ಗೇಟು ದಾಟುವಂತಿಲ್ಲ. ಗೀಟೆಳೆದ ರದ್ದಿ ಹಾಳೆಗಳನ್ನು ಅವಳು ಕೇಳಿ ಮನೆಗೆ ಒಯ್ಯುತ್ತಿದ್ದಳು. ಸೇಡಂ ಕಡೆಯ ತವರಿನಲ್ಲಿ ಗೋಡೆ ತುಂಬ ಸುಣ್ಣದ ಬೊಟ್ಟಿಟ್ಟು ಬೆಳೆದ ಕೈ. ಇಲ್ಲಿ ಬಾಡಿಗೆ ಕೋಣೆಯ ಒಡತಿ ಮುನಿಶಾಮಮ್ಮ ಮೊದಲ ದಿನವೇ ಹೇಳಿಬಿಟ್ಟಿದ್ದಳು: "ಗೋಡೆಗೆ ಏನೂ ಬಳೀಬಾರ್ದು ಕಣಮ್ಮ, ಪೇಂಟ್ ಹೊಡ್ಸಿ ಮೂರ್ ತಿಂಗ್ಳೂ ಆಗಿಲ್ಲ." ಅಂದಿನಿಂದ ಸುಣ್ಣ, ಕಾಡಿಗೆ, ಬಾಲ್‌ಪೆನ್ನು ಎಲ್ಲ ಹಾಳೆಗೇ. ಬಿಸ್ಕತ್ತಿನ ಚಿತ್ರದ ಮೇಲೆ ಗುಬ್ಬಿ ಬಂದು ಕೂತವು. ಟೂತ್‌ಪೇಸ್ಟಿನ ಚೆಲುವೆಗೆ ಮೂಗುತಿ ಬಂತು.

ಆ ಗುರುವಾರ ಬಂದದ್ದು ಮಕ್ಕಳ ಸೋಪಿನ ಡಬ್ಬಿ. ಹಾಳೆಗೆ ಆರು ಕೂಸು, ಆರಕ್ಕೂ ಗುಂಗುರು ಕೂದಲು. ಅವಳ ಕೈ ನಿಂತಿತು. ಊರಲ್ಲಿ ಅತ್ತೆಯ ಬಳಿ ಇರುವ ಮಗ ರಾಮುವಿಗೆ ಅವತ್ತೇ ಜವಳ, ಮೊದಲ ಸಲ ಕೂದಲು ತೆಗೆಸುವುದು. ಸೋದರಮಾವನ ತೊಡೆಯ ಮೇಲೇ ಆಗಬೇಕು. ಆ ಮಾವ, ಅವಳ ತಮ್ಮ, ಸೈನ್ಯದವನು; ಮರುದಿನವೇ ಹೊರಡುವವನಾದ್ದರಿಂದ ದಿನ ಮುಂದೂಡುವಂತಿರಲಿಲ್ಲ. ಮಗನಿಗೆ ಜ್ವರವೆಂದು ಹೋದ ತಿಂಗಳು ಓಡಿದ್ದರಲ್ಲಿ ಅವಳ ರಜೆಯೆಲ್ಲ ಮುಗಿದಿತ್ತು. ಒಂದು ಕೂಸಾದರೂ ಗೀಟಿಲ್ಲದೆ ಮನೆಗೆ ಬರಲಿ ಎಂದು ಐದಕ್ಕಷ್ಟೇ ಎಳೆದಳು.

ಗೇಟಿನಲ್ಲಿ ಕಾವಲುಗಾರ ರಾಮಾಂಜಿನಪ್ಪ ಹಾಳೆ ಬಿಡಿಸಿದ. "ಏನಮ್ಮ, ಇದೊಂದಕ್ಕೆ ಗೀಟೇ ಇಲ್ಲ? ಯಾರಾದ್ರೂ ಕತ್ತರಿಸಿ ಡಬ್ಬಿ ಮಾಡ್ಕೊಂಡ್ರೆ ನನ್ ಕೆಲ್ಸ ಹೋಯ್ತದೆ."

"ಕೂಸಿನ ಮಾರಿ ಮ್ಯಾಲ ಗೀಟ ಎಳೀಲಾಕ ಕೈ ಬರವಲ್ದು ಅಣ್ಣಾ. ಇವತ್ತ ನನ್ನ ಮಗನ ಜವಳ ಅದ."

"ಅಯ್ಯೋ, ನಾನೇನ್ ಮಾಡ್ಲಿ? ರೂಲ್ಸು."

ನಾಗರತ್ನಾ ಚೀಲದಿಂದ ಮಾರ್ಕರು ತೆಗೆದು, ಕೂಸಿನ ಕೆಳಗೆ ದಪ್ಪಗೆ ಅಚ್ಚಾಗಿದ್ದ ಸೋಪಿನ ಹೆಸರು ಕಾಣದಂತೆ ಗೀಟೆಳೆದಳು. "ಹೆಸರಿಲ್ಲದ ಸೋಪು ಯಾರು ತೊಗೋತಾರ್ರೀ?"

"ಲಾಯರ್ ಆಗ್ಬೇಕಿತ್ತು ನೀನು!" ಎಂದು ಅವನು ನಗುತ್ತ ಗೇಟು ತೆಗೆದ.

ಮನೆಯಲ್ಲಿ ಗಂಡ ಶಿವಪುತ್ರ ಆಗತಾನೆ ಗಾರೆ ಕೆಲಸದಿಂದ ಬಂದು ಕಾಲು ತೊಳೆದಿದ್ದ. ಹಾಳೆಯ ಕೂಸಿಗೇ ಜವಳ ಮಾಡುತ್ತೇನೆಂದು ಅವಳು ಹೇಳಿದ್ದಕ್ಕೆ, "ಜವಳಕ್ಕ ಸೋದರಮಾವ ಎಲ್ಲಿ?" ಎಂದು ಕಾಡಿಸಿದ.

"ಇವತ್ತ ನೀವೇ ಮಾವ. ಕುಂದ್ರಿ, ತೊಡಿ ಮ್ಯಾಲ ಇಟ್ಕೋರಿ."

ಅವನು ಚಕ್ಕಳಮಕ್ಕಳ ಕೂತು, ತೊಡೆಯ ಮೇಲೆ ಮಣೆಯಿಟ್ಟು ಹಾಳೆ ಹರಡಿಕೊಂಡ. ಅವಳು ಸುಣ್ಣದಲ್ಲಿ ಬೆರಳದ್ದಿ ಗುಂಗುರಿನ ಮೇಲೆ ಒಂದೊಂದೇ ಬೊಟ್ಟು ಒತ್ತಿ ಕೂದಲು ಮರೆಮಾಡುತ್ತ ಹೋದಳು. ರಾಮುವಿನ ಎಡಗಿವಿ ಸ್ವಲ್ಪ ಮುಂದಕ್ಕೆ ಬಾಗಿದೆ. ಕಾಡಿಗೆಯಿಂದ ಕೂಸಿಗೂ ಹಾಗೇ ಬಾಗಿಸಿದಳು. ಬಣ್ಣ ಜರುಗಿ ಎರಡೆರಡಾಗಿದ್ದ ರೆಪ್ಪೆಗಳನ್ನು ಮಾತ್ರ ಮುಟ್ಟಲಿಲ್ಲ.

"ಅಲಗಾಡಬ್ಯಾಡ್ರೀ."

"ನಾ ಎಲ್ಲಿ? ಕೂಸೇ ಅಲಗಾಡ್ಲಿಕತ್ತದ ನೋಡು."

ಅಷ್ಟರಲ್ಲಿ ಅತ್ತೆ ಬಾಲಮ್ಮನ ಫೋನು. "ಆತವ್ವಾ ನಾಗೂ, ಛಂದಾಗಿ ಆತು. ಓಣಿ ಮಂದಿ ಕೂಡೂಹಂಗ ಅತ್ತ, ಈಗ ಮಲಗ್ಯಾನ."

ನಾಗರತ್ನಾ ಫೋನನ್ನು ಭುಜಕ್ಕೆ ಒತ್ತಿಕೊಂಡು ಮತ್ತೆ ಸುಣ್ಣಕ್ಕೆ ಬೆರಳದ್ದಿದಳು. "ಇಲ್ಲಿ ಕೂಸು ಅಳವಲ್ದು ಅತ್ತಿ. ಕಿವಿ ಮ್ಯಾಲ ಇನ್ನಾ ಸ್ವಲ್ಪ ಕೂದಲ ಉಳದದ."