ಗೋಲಿ ನಿಂತ ನೆಲ

ಬೆಳಕು ಇನ್ನೂ ನೆಲಕ್ಕೇ ಅಂಟಿಕೊಂಡಿದೆ. ಮೇಲೇಳಲು ಮನಸ್ಸಿಲ್ಲದಂತೆ ಗ್ಯಾರೇಜಿನ ಹೊಸ್ತಿಲು ದಾಟಿ, ಸಿಮೆಂಟಿನ ಮೇಲೆ ಉದ್ದಕ್ಕೆ ಒರಗಿದೆ. ಆ ಬೆಳಕಿನಲ್ಲಿ ಮಂಡಿಯೂರಿ ಕೂತ ಹೆಂಗಸೊಬ್ಬರು ಅಂಗಿಯ ಜೇಬಿನಿಂದ ಗಾಜಿನ ಗೋಲಿಯೊಂದನ್ನು ತೆಗೆದು, ಹಕ್ಕಿಮರಿಯನ್ನು ಇಳಿಸುವಂತೆ ಮೆಲ್ಲಗೆ ನೆಲಕ್ಕಿಟ್ಟು ಕೈ ಬಿಡುತ್ತಾರೆ. ಗೋಲಿ ಅರೆಗಳಿಗೆ ಯೋಚಿಸುತ್ತದೆ. ಆಮೇಲೆ ತನ್ನಷ್ಟಕ್ಕೆ ಹೊರಟು, ನೀರು ಹೋಗುವ ತೂತಿನ ಕಡೆಗೆ ಉರುಳುತ್ತದೆ.

"ಇಲ್ಲಿ ಆಗಲ್ಲ," ಎನ್ನುತ್ತಾರೆ ಅವರು.

ಪಕ್ಕದಲ್ಲೇ ಕೆಂಪು ಸ್ಪೋರ್ಟ್ಸ್ ಕಾರು ಮಲಗಿದೆ. ಅದರ ಹೊಟ್ಟೆಗೂ ನೆಲಕ್ಕೂ ನಡುವೆ ನಾಲ್ಕು ಬೆರಳು ತೂರಿದರೆ ಹೆಚ್ಚು. ಕಾರಿನ ಒಡತಿ ಕಣ್ಣಿನ ಡಾಕ್ಟರು; ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಇಂಜಿನ್ ಎಣ್ಣೆ ಬದಲಿಸುವ ದಿನ ಇವತ್ತು.

"ನೆಲ ಸಮವಾಗೇ ಇದೆಯಲ್ಲ?"

"ಕಣ್ಣಿಗೆ ಸಮ ಕಾಣುತ್ತೆ ಡಾಕ್ಟರಮ್ಮ. ಕಣ್ಣನ್ನ ಎಷ್ಟು ನಂಬಬಹುದು ಅಂತ ನಾನು ನಿಮಗೆ ಹೇಳಬೇಕಾ?"

ಈಕೆಯನ್ನು ಎಲ್ಲರೂ ಕರೆಯುವುದು ಗೋಲಿ ಅಕ್ಕ ಎಂದೇ. ಮನೆಯಲ್ಲೇ ಕಾರು ರಿಪೇರಿ ಮಾಡಿಕೊಳ್ಳುವವರ ಬಾಗಿಲಿಗೆ ಹೋಗಿ, ಕಾರನ್ನು ಎತ್ತಿ, ಬೀಳದಂತೆ ನಿಲ್ಲಿಸಿಕೊಡುವುದು ಅವರ ಕೆಲಸ. ಎಣ್ಣೆ ಇಳಿಸುವುದು, ಬ್ರೇಕ್ ನೋಡುವುದು ಬೇರೆಯವರ ಕೈಯಲ್ಲಿ. ಕೆಳಗೆ ಹೋದವರು ಮತ್ತೆ ಎದ್ದು ಬರುವ ತನಕ ಈಕೆ ಪಕ್ಕದಲ್ಲಿ ಕೂತಿರುತ್ತಾರೆ. ದಿನಕ್ಕೆ ಎರಡು ಮನೆ, ಬಿಡುವಿಲ್ಲದ ದಿನ ಮೂರು. ಹಳೆಯ ವ್ಯಾನಿನಲ್ಲಿ ಇಪ್ಪತ್ತೆರಡು ಹಲಗೆ, ನಾಲ್ಕು ಕಬ್ಬಿಣದ ಸ್ಟ್ಯಾಂಡು, ಒಂದು ತಗ್ಗು ಜಾಕು, ಚಕ್ರಕ್ಕೆ ಅಡ್ಡ ಇಡುವ ಎಂಟು ಮರದ ತುಂಡು. ವ್ಯಾನು ಓಡಿಸುವವರು ಅವರ ಗಂಡ.

"ಎರಡೇ ನಿಮಿಷದ ಕೆಲಸ ಅಲ್ವಾ? ಇಲ್ಲೇ ಎತ್ತಿಬಿಡಿ," ಎಂದುಬಿಡುತ್ತಾರೆ ಡಾಕ್ಟರು. ಹತ್ತಕ್ಕೆ ಅವರ ಆಸ್ಪತ್ರೆ ತೆರೆಯಬೇಕು.

ಹಲಗೆ ಹೊತ್ತು ಬರುತ್ತಿದ್ದ ಗಂಡ ನಡುದಾರಿಯಲ್ಲೇ ನಿಂತುಬಿಡುತ್ತಾರೆ. ಅಕ್ಕ ಮಾತ್ರ ನಗುತ್ತಾರೆ.

"ಆ ಮಾತೊಂದನ್ನ ನಮ್ಮನೇಲಿ ಆಡಲ್ಲ ಡಾಕ್ಟರಮ್ಮ. ಬೈಗುಳ ಬೇಕಾದ್ರೆ ಬೈಯಿರಿ, ಅದು ಬೇಡ."

ಒಂಬತ್ತು ವರ್ಷದ ಹಿಂದೆ ಗಂಡನಿಗೆ ಸ್ವಂತ ಗ್ಯಾರೇಜಿತ್ತು. ಎರಡೇ ನಿಮಿಷ ಎಂದುಕೊಂಡು, ಸ್ಟ್ಯಾಂಡು ಇಡದೆ, ಬರೀ ಜಾಕನ್ನು ನಂಬಿ ಒಂದು ಕಾರಿನ ಕೆಳಗೆ ಸರಿದಿದ್ದರು. ಇಳಿಜಾರಿನ ನೆಲ. ಕಾರು ಒಂದು ಗೇಣು ಜರುಗಿತು, ಜಾಕು ಮಗ್ಗುಲಾಯಿತು. ಬೀದಿಯಲ್ಲಿದ್ದ ಏಳು ಜನ ಓಡಿ ಬಂದು ಕಾರನ್ನು ಎತ್ತಿ ಹಿಡಿದರು. ಮುರಿದ ಭುಜ ಮೂರು ತಿಂಗಳಲ್ಲಿ ಕೂಡಿತು. ಅಂದಿನಿಂದ ಅವರು ಯಾವ ಕಾರಿನ ಕೆಳಗೂ ತಲೆ ಹಾಕಿಲ್ಲ.

ಆಗ ಅಕ್ಕ ಬಟ್ಟೆ ಹೊಲಿಯುತ್ತಿದ್ದರು. "ಕಾರು ಯಾಕೆ ಬಿತ್ತು ಅಂತ ನನಗೆ ಗೊತ್ತಾಗಬೇಕಿತ್ತು," ಎನ್ನುತ್ತಾರೆ. "ಹಾವು ಕಚ್ಚಿದ್ರೆ ಯಾವ ಹಾವು ಅಂತ ನೋಡಲ್ವಾ? ಹಾಗೆ. ಕೇಳ್ತಾ ಕೇಳ್ತಾ ಕಲಿತುಬಿಟ್ಟೆ."

ದಿನಾ ಜೊತೆಗೆ ಬರುವ ಮೆಕಾನಿಕ್ಕನ ತಾಯಿಗೆ ಹುಷಾರಿಲ್ಲ, ಅವನು ಇವತ್ತು ಬಂದಿಲ್ಲ. ನಿನ್ನೆ ಸಂಜೆ ಆ ಸುದ್ದಿ ಬಂದಾಗ, ಟೀಗೆ ಬ್ರೆಡ್ಡು ಅದ್ದುತ್ತಿದ್ದ ಗಂಡ ತಲೆ ಎತ್ತದೆ "ನಾಳೆ ನಾನೇ ನೋಡ್ತೀನಿ" ಎಂದರಂತೆ. ಬ್ರೆಡ್ಡು ಟೀಯಲ್ಲೇ ಕರಗಿ ಹೋಯಿತಂತೆ. ಒಂದು ಗೋದಾಮಿನವರು ಬಾಗಿಲು ಕಾಯುವ ಕೆಲಸಕ್ಕೆ ಅವರನ್ನು ಕರೆದಿದ್ದಾರೆ. ಇವತ್ತು ಸಂಜೆಯೊಳಗೆ ಉತ್ತರ ಹೇಳಬೇಕು. ಕಾರಿನ ಕೆಳಗೆ ಹೋಗಲಾಗದಿದ್ದರೆ ಸ್ಪ್ಯಾನರುಗಳನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು, ಗೋದಾಮಿನ ಕಾವಲು ಕುರ್ಚಿಯಲ್ಲಿ ಕೂರುವುದೆಂದು ಅವರೇ ತೀರ್ಮಾನಿಸಿದ್ದಾರೆ.

ಗೋಡೆಯ ಬದಿಗೆ ಐದು ಅಡಿ ಸರಿದು ಮತ್ತೆ ಇಟ್ಟಾಗ ಗೋಲಿ ನಿಲ್ಲುತ್ತದೆ. ಅಕ್ಕ ಉಸಿರು ಬಿಗಿಹಿಡಿದು ನೋಡುತ್ತಾರೆ, ಅಲುಗುವುದಿಲ್ಲ. ಅದನ್ನು ಅಲ್ಲೇ ಬಿಟ್ಟು, ಅದರ ಎರಡು ಬದಿಗೆ ಹಲಗೆ ಹಾಸಿ, ಮೂವರೂ ಸೇರಿ ಕಾರನ್ನು ತಳ್ಳಿ ಹತ್ತಿಸುತ್ತಾರೆ. ಗೋಲಿ ಈಗ ಕಾರಿನ ಮುಂಭಾಗದ ಕೆಳಗೆ, ಎರಡು ಚಕ್ರಗಳ ನಡುವೆ. ಕೆಲಸ ಮುಗಿಯುವ ತನಕ ಅದು ಅಲ್ಲೇ ಇರಬೇಕು. ಅದು ಅವರ ಕಾವಲು.

ಹಲಗೆಯ ಮೇಲೇರಿದ್ದರಿಂದ ಜಾಕಿಗೆ ಒಳಗೆ ತೂರಲು ಎಡೆ ಸಿಕ್ಕಿದೆ. ಅಕ್ಕ ಮುಂದಿನ ಚಕ್ರಗಳಿಗೆ ಹಿಂದೂ ಮುಂದೂ ಮರದ ತುಂಡು ಒತ್ತುತ್ತಾರೆ.

"ಕೈಬ್ರೇಕ್ ಹಾಕಿದೀನಲ್ಲ?" ಡಾಕ್ಟರಿಗೆ ಸಂಶಯ.

"ಇದರ ಕೈಬ್ರೇಕ್ ಹಿಡಿಯೋದು ಹಿಂದಿನ ಚಕ್ರಾನ. ಹಿಂದಿನ ಚಕ್ರಾನೇ ಗಾಳೀಲಿ ಇದ್ದಾಗ ಅದು ಏನನ್ನ ಹಿಡಿಯುತ್ತೆ, ಆಕಾಶಾನಾ?"

ಬಗ್ಗಿ ಕೆನ್ನೆಯನ್ನು ನೆಲಕ್ಕೆ ಹಚ್ಚಿ ಅಡಿಯನ್ನು ನೋಡುತ್ತಾರೆ. ಓರೆಯಾಗಿ ನುಗ್ಗಿದ ಬೆಳಗಿನ ಬಿಸಿಲಿನಲ್ಲಿ ಕಾರಿನ ಗಟ್ಟಿ ಜಾಗಗಳು ಒಂದೊಂದಾಗಿ ಕಣ್ಣು ತೆರೆಯುತ್ತವೆ. ಇಂಜಿನ್ನಿನ ಅಡಿಯಲ್ಲಿ ಎಣ್ಣೆ ತುಂಬಿದ ತೆಳು ತಟ್ಟೆಗೆ ಜಾಕು ಕೊಟ್ಟರೆ ಅದು ಅಪ್ಪಚ್ಚಿ. ಭಾರ ಹೊರಲೆಂದೇ ಇರುವ ದಪ್ಪ ಚೌಕಟ್ಟಿಗೆ, ನಡುವೆ ರಬ್ಬರಿನ ಬಿಲ್ಲೆ ಇಟ್ಟು ಕೊಡಬೇಕು. ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನಿರುತ್ತಾರೆ. ತುಟಿ ಮಾತ್ರ ಅಲುಗುತ್ತದೆ. ಬಳಿಕ ಜಾಕಿನ ಹಿಡಿ ಒತ್ತುತ್ತಾರೆ. ಒಂದೂಕಾಲು ಟನ್ನಿನ ಕಾರು ನಿದ್ದೆಯಲ್ಲಿ ಮಗ್ಗುಲು ಬದಲಿಸುವಷ್ಟು ಮೆಲ್ಲಗೆ ಏಳುತ್ತದೆ. ಹಿಂದೆ ಎರಡು ಸ್ಟ್ಯಾಂಡು, ಆಮೇಲೆ ಮುಂದೆ ಎರಡು. ಭಾರವನ್ನೆಲ್ಲ ಅವುಗಳ ಮೇಲೆ ಇಳಿಸಿದ ಮೇಲೂ ಚಕ್ರಗಳನ್ನು ಬಿಚ್ಚಿ ಕಾರಿನ ಅಂಚಿನ ಕೆಳಗೆ ಅಡ್ಡ ಮಲಗಿಸುತ್ತಾರೆ. ಕೊನೆಗೆ ನಾಲ್ಕೂ ಮೂಲೆಯಲ್ಲಿ ನಿಂತು ಸೊಂಟದಿಂದ ಕಾರನ್ನು ನೂಕುತ್ತಾರೆ. ಬಂಡೆಯನ್ನು ನೂಕಿದಂತೆ.

"ಬೀಳೋದಿದ್ರೆ ಈಗಲೇ ಬೀಳಪ್ಪ," ಎಂದು ಕಾರಿಗೆ ಹೇಳುತ್ತಾರೆ. "ಆಮೇಲೆ ನನ್ನ ಮರ್ಯಾದೆ ತೆಗೀಬೇಡ."

ಗಂಡ ಅಂಗಾತ ಮಲಗಿ ಸರಿಯುತ್ತಾರೆ. ತಲೆ ಒಳಗೆ ಹೋಗುತ್ತದೆ. ಭುಜದ ಹತ್ತಿರ ಬಂದಾಗ ಹಿಮ್ಮಡಿ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಹೊರಗೆ ಬಂದು ಕೂರುತ್ತಾರೆ.

"ಗೋದಾಮೇ ಸರಿ ಬಿಡು," ಎನ್ನುತ್ತಾರೆ.

ಅಕ್ಕ ಡಾಕ್ಟರಿಗೆ "ಜಾಕು ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ" ಎಂದಷ್ಟೇ ಹೇಳಿ, ತಾವೇ ಅಂಗಾತ ಮಲಗಿ ಕೆಳಗೆ ಸರಿದುಬಿಡುತ್ತಾರೆ. ಹೊರಗೆ ಕಾಣುವುದು ಅವರ ಸವೆದ ಚಪ್ಪಲಿ ಮಾತ್ರ. ಒಳಗಿನಿಂದ ದನಿ ಬರುತ್ತದೆ.

"ಏನ್ರೀ, ಇಲ್ಲಿ ತಂಪಾಗಿದೆ."

ಗಂಡ ಆ ಚಪ್ಪಲಿಯ ಹತ್ತಿರಕ್ಕೆ ಸರಿದು ಕೂರುತ್ತಾರೆ.

"ನಾನು ಎತ್ತಿದ್ದು ಕಣ್ರೀ ಇದು."

ಬೆಳಕು ಮೆಲ್ಲಮೆಲ್ಲಗೆ ಹೊಸ್ತಿಲ ಕಡೆಗೆ ಹಿಂದೆ ಸರಿಯುತ್ತದೆ. ಆಮೇಲೆ ಗಂಡ ಮಲಗುತ್ತಾರೆ, ಸರಿಯುತ್ತಾರೆ. ಈ ಸಲ ಭುಜವೂ ಒಳಗೆ ಹೋಗುತ್ತದೆ. ನಾಲ್ಕು ಪಾದಗಳು ಪಕ್ಕಪಕ್ಕದಲ್ಲಿ, ಮರದ ನೆರಳಲ್ಲಿ ಮಲಗಿ ಕೊಂಬೆ ಎಣಿಸುವವರಂತೆ. ಒಳಗೆ ಏನೋ ಪಿಸುಮಾತು, ನಡುವೆ ಸ್ಪ್ಯಾನರಿನ ಕಿರುಸದ್ದು, ಅಕ್ಕನ ಬೈಗುಳ: "ಅಯ್ಯೋ, ನನ್ನ ಮುಖಕ್ಕಲ್ಲ, ಪಾತ್ರೆಗೆ!" ಕರಿಯ ಎಣ್ಣೆ ದಾರವಾಗಿ ಇಳಿಯತೊಡಗುತ್ತದೆ.

ಹೊರಗೆ ಬಂದ ಅಕ್ಕನ ಕೆನ್ನೆ ಮೇಲೆ ಎಣ್ಣೆಯ ಗೆರೆ. ಕೂತು ಒರೆಸಿಕೊಳ್ಳುತ್ತಾ ಹೇಳುತ್ತಾರೆ: "ಎಷ್ಟು ಕಾರು ಎತ್ತಿದೀನೋ ಗೊತ್ತಿಲ್ಲ. ಕೆಳಗೆ ಹೋದವರೆಲ್ಲ ಎದ್ದು ಬಂದಿದಾರೆ, ದೇವರು ದೊಡ್ಡವನು. ಆಸೆ ಅಂದ್ರೆ ಒಂದೇ. ಗೋಲಿ ಉರುಳದಂಥ ನೆಲ, ಒಂದೇ ಕಾರಿನಷ್ಟು, ನಮ್ಮದೇ ಆಗಿರಬೇಕು."

ಹೊಸ ಎಣ್ಣೆ ತುಂಬಿ, ಸೋರಿಕೆ ನೋಡಿ ಆಯಿತು. ಗಂಡ ಕೈ ಒರೆಸಿಕೊಂಡು ಎದ್ದಿದ್ದಾರೆ. ಕಾರು ಇಳಿಸುವ ಮುನ್ನ ಅಕ್ಕ ಅಭ್ಯಾಸದಂತೆ ಜೇಬು ಮುಟ್ಟಿಕೊಳ್ಳುತ್ತಾರೆ.

"ಗೋಲಿ ಅಲ್ಲೇ ಇದೆ," ಎಂದು ತಾವೇ ಬಗ್ಗಲು ಹೊರಡುತ್ತಾರೆ.

"ಇರು," ಎನ್ನುತ್ತಾರೆ ಗಂಡ. ಅಂಗಾತ ಮಲಗಿ, ಯಾರೂ ಕರೆಯದೆ, ಯಾರೂ ಜೊತೆಗಿಲ್ಲದೆ, ಕಾರಿನ ಕೆಳಗೆ ಪೂರ್ತಿ ಸರಿದುಹೋಗುತ್ತಾರೆ.

ಅಕ್ಕ ಕದಲದೆ ಕೂತಿದ್ದಾರೆ. "ಸಿಕ್ತಾ?"

"ಸಿಕ್ತು," ದನಿ ಕೆಳಗಿನಿಂದ ನಿಧಾನವಾಗಿ ಬರುತ್ತದೆ. "ನೀನು ಇಟ್ಟ ಜಾಗದಲ್ಲೇ ಇದೆ ಕಣೇ."