ಹದಿನೇಳು ಬಾವಿಗಳ ದೊಡ್ಡಮ್ಮ

ನಮ್ಮ ದೊಡ್ಡಮ್ಮನ ಕೆಲಸ ಬಾವಿ ಬಗ್ಗಿ ನೋಡುವುದು. ಹಾಸ್ಯಕ್ಕೆ ಹೇಳುತ್ತಿಲ್ಲ, ಅದಕ್ಕೆ ಸರಕಾರ ಸಂಬಳ ಕೊಡುತ್ತಿತ್ತು. ಊರಿನ ಹದಿನೇಳು ಬಾವಿಗಳನ್ನು ತಿಂಗಳಿಗೆರಡು ಸಲ ಸುತ್ತುತ್ತಿದ್ದಳು. ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಉಜ್ಜಿ ಒಳಗೆ ಬಿಡುವುದು, ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆ ನೋಡಿ, ನೆಲದಿಂದ ಎಷ್ಟು ಮೀಟರ್ ಕೆಳಗೆ ನೀರಿದೆ ಎಂದು ಬರೆಯುವುದು. ಮೂವತ್ತೊಂದು ವರ್ಷ ಇದೇ ಕೆಲಸ. ಆಫೀಸಿನಲ್ಲಿ ಅವಳು ‘ಬಾವಿ ಮೇಡಂ’, ಸಿಟ್ಟು ಬಂದಾಗ ತಂಗಿಯ, ಅಂದರೆ ನಮ್ಮಮ್ಮನ, ಬಾಯಲ್ಲಿ ‘ಬಾವಿಕಪ್ಪೆ’.

ಅವಳು ಕೆಲಸಕ್ಕೆ ಸೇರಿದಾಗ ನೀರು ಐದು ಮೀಟರಿನಲ್ಲಿತ್ತಂತೆ, ಅದಕ್ಕೂ ಹಿಂದೆ ಎರಡೇ ಮೀಟರಿನಲ್ಲಿ. ಐಸ್ ಫ್ಯಾಕ್ಟರಿ ಮತ್ತು ಬಣ್ಣದ ಕಾರ್ಖಾನೆ ಹಗಲೂ ರಾತ್ರಿ ಪಂಪು ಓಡಿಸಿದವು, ಮನೆಗೊಂದು ಬೋರ್‌ವೆಲ್ ಬಂತು. ಐದು ಒಂಬತ್ತಾಯಿತು, ಒಂಬತ್ತು ಇಪ್ಪತ್ತೆರಡಾಯಿತು. ಒಳ್ಳೆಯ ಮಳೆ ಬಂದ ವರ್ಷವೂ ಅಷ್ಟೇ. ಹಂಡೆಯಿಂದ ಬಿಂದಿಗೆಯಲ್ಲಿ ತೆಗೆದು ಚಮಚದಲ್ಲಿ ಹಾಕಿದರೆ ತುಂಬೀತೇ? ಆ ಒಣ ಕಾಲದಲ್ಲೇ ಜನ ನೆಲ ಅಗೆದು ಬೇಸ್‌ಮೆಂಟ್ ಕಟ್ಟಿದರು. ಅಮ್ಮನ ಪುಸ್ತಕ ಬೈಂಡಿಂಗ್ ಅಂಗಡಿ ಅಂಥದ್ದೊಂದರಲ್ಲಿ, ಮೂರು ಮೀಟರ್ ಕೆಳಗಿತ್ತು.

ಆಮೇಲೆ ಎರಡೂ ಫ್ಯಾಕ್ಟರಿ ಬಾಗಿಲು ಹಾಕಿದವು. ಮನೆಮನೆಗೆ ಪೈಪಿನಲ್ಲಿ ಹೊಳೆ ನೀರು ಬಂತು, ಬೋರ್‌ವೆಲ್ಲುಗಳು ಸುಮ್ಮನಾದವು. ಅದರ ಮೇಲೆ ಎರಡು ವರ್ಷ, ತಿಂಗಳಿಡೀ ಬೀಳಬೇಕಾದ ಮಳೆ ಮೂರೇ ದಿನದಲ್ಲಿ ಸುರಿಯಿತು. ನೆಲದಡಿಯ ನೀರು ಒಂದೊಂದೇ ಮೀಟರ್ ವಾಪಸ್ ಬರತೊಡಗಿತು. ದೊಡ್ಡಮ್ಮನ ಮುಖದಲ್ಲಿ ನಗು ಕಂಡು ಆಫೀಸಿನವರಿಗೇ ಆಶ್ಚರ್ಯವಾಯಿತಂತೆ.

ಆದರೂ ಅವಳು ಅಮ್ಮನನ್ನು ಎಚ್ಚರಿಸಿದ್ದಳು. “ನೀರು ತನ್ನ ಹಳೇ ಜಾಗ ಮರೆಯಲ್ಲ ಕಣೆ. ಈ ಮಳೆಗಾಲ ಅಂಗಡಿ ನೆಲದ ಮೇಲೆ ಏನೂ ಇಡಬೇಡ.” ಅಮ್ಮ ಗೊಣಗುತ್ತಲೇ ಎಲ್ಲವನ್ನೂ ಮನೆಗೆ ಸಾಗಿಸಿದಳು. ಅದರಲ್ಲಿ ಗ್ರಂಥಾಲಯದ ಹಳೆಯ ಪತ್ರಿಕೆಗಳ ಅರವತ್ತು ಸಂಪುಟಗಳೂ ಇದ್ದವು. ಅವುಗಳ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ನಮಗೆ ಮನೆಯಲ್ಲಿ ಕಾಲಿಡಲೂ ಜಾಗವಿಲ್ಲದಂತಾಯಿತು.

ಮಳೆ ನಿಂತಿತು. ಇಪ್ಪತ್ತು ದಿನ ಚೆನ್ನಾಗಿ ಬಿಸಿಲು ಬಂತು. ಅಮ್ಮ ಫೋನ್ ಮಾಡಿದಾಗ ನಾನು ಅಂಟಿನ ಬ್ರಷ್ ಹಿಡಿದು ಪಕ್ಕದಲ್ಲೇ ಕೂತಿದ್ದೆ.

“ಅಕ್ಕಾ, ನೀರು ಹೇಗಿದೆ?”

“ಇಳಿದಿದೆ ಕಣೇ! ಮೂರು ಚಿಲ್ಲರೆಗೆ ಇಳಿದಿದೆ! ನನ್ನ ಸರ್ವೀಸಲ್ಲೇ ಇಂಥದ್ದು ನೋಡಿರಲಿಲ್ಲ!”

“ಅಬ್ಬ, ಬದುಕಿದೆ” ಎಂದು ಅಮ್ಮ ಫೋನಿಟ್ಟಳು. ಆ ಸಂಜೆಯೇ ನಾವಿಬ್ಬರೂ ಅರವತ್ತು ಸಂಪುಟಗಳನ್ನೂ ಅಂಗಡಿಗೆ ಹೊತ್ತೊಯ್ದು, ನೆಲದ ಮೇಲೆ ಸಾಲಾಗಿ ಪೇರಿಸಿದೆವು.

ಮಾರನೇ ದಿನದಿಂದ ಹಬ್ಬದ ರಜೆ. ಅದನ್ನು ಮುಗಿಸಿ ನಾಲ್ಕನೇ ದಿನ ಬಾಗಿಲು ತೆಗೆದೆವು. ಪೈಪು ಒಡೆದಿರಲಿಲ್ಲ, ಬೀದಿಯಿಂದ ಹನಿ ನೀರೂ ಒಳಗೆ ಬಂದಿರಲಿಲ್ಲ. ನೆಲದ ಬಿರುಕುಗಳಿಂದಲೇ ಎದ್ದು ಬಂದ ತಿಳಿನೀರು ಬೆರಳುದ್ದ ನಿಂತಿತ್ತು. ಕೆಳಸಾಲಿನ ಇಪ್ಪತ್ತು ಸಂಪುಟಗಳು ಊದಿಕೊಂಡಿದ್ದವು, ಮುಟ್ಟಿದರೆ ಹಾಳೆಗಳು ಕಿತ್ತು ಕೈಗೆ ಬರುತ್ತಿದ್ದವು. ಅಮ್ಮ ಒದ್ದೆಯಾಗದವನ್ನು ಮೆಟ್ಟಿಲ ಮೇಲೆ ಎತ್ತಿಡತೊಡಗಿದಳು.

ಸುದ್ದಿ ಕೇಳಿ ದೊಡ್ಡಮ್ಮ ಓಡಿಬಂದಳು.

“ಇಳಿದಿದೆ ಅಂದೆಯಲ್ಲೇ ಅಕ್ಕಾ!”

ದೊಡ್ಡಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. “ಅಯ್ಯೋ, ಅಂಕಿ ಇಳಿದಿದೆ ಅಂದೆ ಕಣೆ. ನಮ್ಮಲ್ಲಿ ಅಂಕಿ ಇಳಿದರೆ ನೀರು ಮೇಲೆ ಬಂತು ಅಂತ. ಮಳೆ ನಿಂತರೇನು, ಬಿದ್ದ ನೀರು ಮಣ್ಣೊಳಗೆ ನಡ್ಕೊಂಡು ಬರೋಕೆ ತಿಂಗಳು ಬೇಕಲ್ಲ.”

ನನಗೆ ಮೈಯೆಲ್ಲ ಉರಿಯಿತು. ‘ನೀರು ಮೇಲೆ ಬಂದಿದೆ’ ಎಂದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಪಕ್ಕದಲ್ಲೇ ಕೂತು ಕೇಳಿಸಿಕೊಂಡ ನಾನೂ ಮರುಪ್ರಶ್ನೆ ಹಾಕಲಿಲ್ಲ, ಅದು ಬೇರೆ ಮಾತು.

“ಪಂಪು ಹಾಕಿಸಿದರೆ ಹೋಗುತ್ತಾ?” ಅಮ್ಮ ಕೇಳಿದಳು.

“ಎಷ್ಟು ಅಂತ ಎತ್ತುತ್ತೀಯ? ಊರಡಿ ಇರೋದೆಲ್ಲ ಒಂದೇ ನೀರು. ಖಾಲಿ ಮಾಡಿದಷ್ಟೂ ಅಕ್ಕಪಕ್ಕದಿಂದ ಬರುತ್ತೆ, ಇನ್ನೂ ಮೇಲೆ ಬರುತ್ತೆ. ಈ ಅಂಗಡಿ ಬಿಟ್ಟುಬಿಡು.”

ಇಪ್ಪತ್ತೆರಡು ವರ್ಷದ ಅಂಗಡಿ. ಅಮ್ಮ ಅಕ್ಕನ ಮುಖ ನೋಡಿದಳು. “ನನಗೆ ಇಡಬೇಡ ಅಂದವಳೂ ನೀನೇ ಅಲ್ವಾ? ಫೋನಲ್ಲಿ ಇನ್ನೊಂದು ಸಲ ಹೇಳೋಕೆ ಏನಾಗಿತ್ತು?”

ದೊಡ್ಡಮ್ಮ ನೀರಿನಲ್ಲೇ ನಿಂತು ಅತ್ತಳು. “ಮೂವತ್ತೊಂದು ವರ್ಷ ಬರಲಿ, ಬರಲಿ ಅಂತ ಕಾದಿದ್ದೆ. ಬಂತು ಅಂತ ಕುಣಿದುಬಿಟ್ಟೆ. ನಿನ್ನ ನೆನಪೇ ಆಗಲಿಲ್ಲ ಕಣೆ.”